ಕ್ರೋಮ್ ಪಟ್ಟಿ ಬಿಚ್ಚಿದ ಭಾನುವಾರ

ಹೇಳಬೇಕಾದ ಮಾತನ್ನು ಅವನು ಹಲ್ಲುಜ್ಜುವಾಗ ಒಂದು ಸಲ, ಗ್ಯಾರೇಜಿನ ಶಟರ್ ಎತ್ತುವಾಗ ಇನ್ನೊಂದು ಸಲ ಹೇಳಿ ನೋಡಿಕೊಂಡಿದ್ದ. ಅಣ್ಣಾ, ಇನ್ನು ಮೇಲೆ ನೀನು ಸುಮ್ಮನೆ ಬಂದು ಕೂತುಕೋ, ಅಷ್ಟು ಸಾಕು. ಹಲ್ಲುಜ್ಜುವಾಗ ಅದು ಪ್ರೀತಿಯ ಮಾತಿನಂತೆಯೇ ಇತ್ತು. ಬಾಯಿ ತುಂಬ ನೊರೆಯಿದ್ದರೆ ಎಂಥ ಮಾತೂ ಮೆತ್ತಗಾಗುತ್ತದೆ. ಶಟರ್ ಎತ್ತುವಾಗ ಮಾತ್ರ ಅದೇ ಮಾತು ಆಳನ್ನು ಮನೆಗೆ ಕಳಿಸುವ ಯಜಮಾನನ ಮಾತಾಗಿ ಅವನ ಕಿವಿಗೇ ಬಿತ್ತು. ಒಳಗೆ ನಿನ್ನೆಯ ಥಿನ್ನರ್ ವಾಸನೆ ಹಾಗೇ ನಿಂತಿತ್ತು. ಭಾನುವಾರವಾದ್ದರಿಂದ ಪಕ್ಕದ ಟೈರಿನಂಗಡಿ ಮುಚ್ಚಿತ್ತು, ಬೀದಿಯಲ್ಲಿ ಒಂದು ನಾಯಿ ಮಾತ್ರ ತನಗೇನೋ ತುರ್ತು ಕೆಲಸವಿರುವಂತೆ ಓಡಾಡುತ್ತಿತ್ತು. ಅವನೂ ಹಾಗೇ ಒಳಗೆ ಎರಡು ಸುತ್ತು ಹಾಕಿ, ಬೇಡದಿದ್ದರೂ ಲೈಟು ಹಾಕಿ ಆರಿಸಿ, ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ತೊಳೆದ ಕೈಯನ್ನು ಬಣ್ಣ ಮೆತ್ತಿದ ಪ್ಯಾಂಟಿಗೇ ಒರೆಸಿಕೊಂಡ. ನಾಳೆ ಬೆಳಿಗ್ಗೆ ಎಂಟಕ್ಕೆ ಹೊಸ ಫಿಟ್ಟರ್ ಬರುತ್ತಾನೆ. ಬಾ ಎಂದು ಅವನಿಗೆ ಹೇಳಿ ಒಂದು ವಾರವಾಗಿತ್ತು. ಅಣ್ಣನಿಗೆ ಇನ್ನೂ ಹೇಳಿರಲಿಲ್ಲ.

ಅಣ್ಣ ತಮ್ಮ ಇಬ್ಬರೂ ಸೇರಿ ಈ ಗ್ಯಾರೇಜು ನಡೆಸಲು ತೊಡಗಿ ಇಪ್ಪತ್ತೆಂಟು ವರ್ಷ. ಬಿಚ್ಚುವುದು, ಬಡಿಯುವುದು, ಜೋಡಿಸುವುದು ಅಣ್ಣನ ಕೆಲಸ, ಬಣ್ಣ ತಮ್ಮನದು. ಗಿರಾಕಿಗಳಿಗೆಲ್ಲ ಅಣ್ಣ ದೊಡ್ಡೋರು, ಇವನು ಚಿಕ್ಕೋರು. ಐವತ್ತಕ್ಕೆ ಒಂದು ವರ್ಷ ಕಮ್ಮಿ, ತಲೆಯ ಮೇಲೆ ಕೂದಲು ಅದಕ್ಕಿಂತ ಕಮ್ಮಿ, ಆದರೂ ಚಿಕ್ಕೋರೇ. ಬಿಚ್ಚಿದವನೇ ಜೋಡಿಸಬೇಕು ಎಂಬುದು ಅಣ್ಣನ ಕಾನೂನು. ಯಾವ ಕ್ಲಿಪ್ಪು ಎಲ್ಲಿಂದ ಬಂತು, ಯಾವ ಸ್ಕ್ರೂ ಬರುವಾಗ ಹಟ ಮಾಡಿತು ಎಂಬುದು ಬಿಚ್ಚಿದ ಕೈಗೆ ಮಾತ್ರ ಗೊತ್ತಿರುತ್ತದೆ, ಮಧ್ಯದಲ್ಲಿ ಇನ್ನೊಬ್ಬ ಕೈ ಹಾಕಿದರೆ ಎರಡು ಸ್ಕ್ರೂ ಉಳಿದೇ ಉಳಿಯುತ್ತವೆ ಎಂದು ಅಣ್ಣ ಹೇಳುತ್ತಿದ್ದ. ಹಾಗಾಗಿ ಇಷ್ಟು ವರ್ಷದಲ್ಲಿ ತಮ್ಮ ಒಂದು ನಂಬರ್ ಪ್ಲೇಟನ್ನು ಕೂಡ ಬಿಚ್ಚಿದವನಲ್ಲ. ಅಣ್ಣ ಬಿಚ್ಚಿ, ಒರೆಸಿ, ಮುಖ ಮೇಲೆ ಮಾಡಿ ಇವನ ಮುಂದೆ ಇಡುತ್ತಿದ್ದ. ಇವನು ಬಣ್ಣ ಹೊಡೆದು ಹಿಂದಕ್ಕೆ ಕೊಡುತ್ತಿದ್ದ.

ಆ ಕೈಗೇ ಈಗ ಗೊತ್ತಾಗುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಕಾಲಿನಿಂದ ಶುರುವಾಗಿ ಕೈಗೆ ಬಂದಿತ್ತು. ಬೆರಳ ತುದಿಗೆ ಸದಾ ಜೋಮು ಹಿಡಿದ ಹಾಗಿರುತ್ತದೆ ಎಂದು ಅಣ್ಣ ಒಂದೇ ಸಲ, ಅದೂ ನಗುತ್ತ ಹೇಳಿದ್ದ. ಮೊದಲೆಲ್ಲ ಬಾಗಿಲಿನ ಪ್ಯಾನಲ್ ಹಿಂದೆ ಕೈ ತೂರಿಸಿ, ಕಣ್ಣನ್ನು ಬೀದಿಯ ಮೇಲಿಟ್ಟು, ಯಾರದೋ ಮನೆಯ ಜಗಳವನ್ನು ರಸವತ್ತಾಗಿ ಹೇಳುತ್ತಲೇ ಕ್ಲಿಪ್ಪು ಬಿಡಿಸುತ್ತಿದ್ದವನು ಈಗ ಮಾತು ನಿಲ್ಲಿಸಿ ತನ್ನ ಕೈಯನ್ನೇ ದಿಟ್ಟಿಸುತ್ತ ಕೆಲಸ ಮಾಡುತ್ತಿದ್ದ, ಅದು ಬೇರೆ ಯಾರದೋ ಕೈ, ಕಣ್ಣು ತಪ್ಪಿದರೆ ಏನಾದರೂ ಮಾಡಿಬಿಟ್ಟೀತು ಎಂಬಂತೆ. ಮುರಿದ ಕ್ಲಿಪ್ಪುಗಳಿಗೆ ಗುಟ್ಟಾಗಿ ಅಂಟು ಹಾಕುತ್ತಿದ್ದ. ಅಂಟು ಎಷ್ಟು ದಿನ ನಿಂತೀತು? ಹೋದ ತಿಂಗಳು ಒಬ್ಬ ಟ್ಯಾಕ್ಸಿಯವನು ಬಂದು, ಬಾಗಿಲು ಗಡಗಡ ಅನ್ನುತ್ತಿದೆ ಎಂದು ಪ್ಯಾನಲ್ಲನ್ನು ಕಿತ್ತು ನೆಲಕ್ಕೆ ಹಾಕಿ, ನಾಲ್ಕು ಜನರ ಎದುರಿಗೆ ಅಂದಿದ್ದ: "ದೊಡ್ಡೋರೇ, ನಿಮ್ಮ ಕಾಲ ಮುಗೀತು. ಮನೇಲಿ ಕೂತು ಟೀವಿ ನೋಡಿ. ನನ್ನ ಗಾಡಿ ಮಾತ್ರ ಮುಟ್ಬೇಡಿ." ಇವನು ಬಣ್ಣದ ಕೋಣೆಯಲ್ಲಿದ್ದ. ಬಾಗಿಲು ಅರ್ಧ ತೆರೆದಿತ್ತು, ಒಂದೊಂದು ಮಾತೂ ಕೇಳಿಸಿತ್ತು. ಹೊಡೆಯುವ ಬಣ್ಣ ಮುಗಿದಿದ್ದರೂ ಅವನು ಮುಖದ ಮಾಸ್ಕ್ ತೆಗೆಯದೆ, ಕಂಪ್ರೆಸರನ್ನು ಆರಿಸದೆ, ಖಾಲಿ ಸ್ಪ್ರೇ ಗನ್ನನ್ನು ಗೋಡೆಗೆ ಹಿಡಿದು ಬರೀ ಗಾಳಿ ಹೊಡೆಯುತ್ತ ನಿಂತಿದ್ದ. ಟ್ಯಾಕ್ಸಿ ಹೋದ ಮೇಲೆ ಹೊರಗೆ ಬಂದು, ಏನು ಗಲಾಟೆ ಎಂದು ಕೇಳಿದ್ದ. ಏನಿಲ್ಲ, ಒಂದು ಕ್ಲಿಪ್ಪು ಸಡಿಲವಾಗಿತ್ತಂತೆ ಎಂದಿದ್ದ ಅಣ್ಣ. ನೆಲದ ಮೇಲಿದ್ದ ಪ್ಯಾನಲ್ಲನ್ನು ಎತ್ತಿಕೊಳ್ಳಲು ಅಣ್ಣನಿಗೆ ಎರಡು ಸಲ ಬಗ್ಗಬೇಕಾಯಿತು, ಮೊದಲನೆಯ ಸಲ ಅದು ಕೈಯಿಂದ ಜಾರಿತು.

ತಮ್ಮನ ಹೆಂಡತಿ ಹೇಳುವುದರಲ್ಲಿ ತಪ್ಪಿರಲಿಲ್ಲ, ಕಷ್ಟವಾಗಿದ್ದೇ ಅದು. ಗಿರಾಕಿಗಳು ಹೋಗುತ್ತಿದ್ದಾರೆ, ನಾಳೆ ಬ್ರೇಕಿನ ಕೆಲಸದಲ್ಲಿ ಏನಾದರೂ ಆದರೆ ಯಾರು ಹೊಣೆ, ನೀವು ಹೇಳದಿದ್ದರೆ ನಾನೇ ಅಕ್ಕನಿಗೆ ಹೇಳುತ್ತೇನೆ ಎಂದಿದ್ದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಜಾತಿಯವನು ಅವನು. ಅಣ್ಣ ತಾನಾಗಿಯೇ ಒಂದು ದಿನ ಸಾಕಪ್ಪ ಎಂದುಬಿಡಲಿ ಎಂದು ಆರು ತಿಂಗಳು ಕಾದ. ಅಣ್ಣ ಅನ್ನಲಿಲ್ಲ. ಕೊನೆಗೆ ಹೊಸ ಫಿಟ್ಟರಿಗೆ ದಿನ ಗೊತ್ತುಮಾಡಿಬಿಟ್ಟರೆ ಬಾಯಿ ತಾನೇ ತೆರೆದೀತೆಂದು ಗೊತ್ತುಮಾಡಿದ. ಬಾಯಿ ತೆರೆಯಲಿಲ್ಲ, ದಿನ ಮಾತ್ರ ಹತ್ತಿರ ಬಂತು. ಈಗ ಉಳಿದಿದ್ದದ್ದು ಈ ಒಂದು ಭಾನುವಾರ.

ಮೇಜಿನ ಮೇಲೆ, ನಾಲ್ಕು ಮಡಿಕೆ ಹಾಕಿದ ಹಳೆಯ ಕಂಬಳಿಯ ಮೇಲೆ ಕಾರೊಂದರ ಮೂತಿಯ ಗ್ರಿಲ್ ಬೋರಲಾಗಿ ಮಲಗಿತ್ತು. ಇಪ್ಪತ್ತೈದು ವರ್ಷದ ಕಾರು ಅದು. ಯಜಮಾನಿ ಮೂರನೆಯ ಬೀದಿಯಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು. ಅವರಿಗೆ ಗ್ರಿಲ್ ಪೂರ್ತಿ ಕಪ್ಪಾಗಬೇಕು, ಸುತ್ತಲಿನ ಕ್ರೋಮ್ ಪಟ್ಟಿ ಮಾತ್ರ ಹಾಗೇ ಹೊಳೆಯಬೇಕು. ಪಟ್ಟಿಯ ಮೇಲೆ ಟೇಪು ಅಂಟಿಸಿ ಬಣ್ಣ ಹೊಡೆಯಬಹುದಿತ್ತು, ಅನೇಕರು ಹಾಗೇ ಮಾಡುತ್ತಾರೆ. ಆದರೆ ಟೇಪು ಕಿತ್ತ ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಬಣ್ಣ ಕ್ರೋಮಿನ ಮೇಲೆ ಕೂರುತ್ತದೆ, ಕ್ರೋಮಿಗೆ ಬಣ್ಣ ಹಿಡಿಯುವುದಿಲ್ಲ, ಮೂರು ತಿಂಗಳಿಗೆ ಅಲ್ಲಿಂದಲೇ ಸಿಪ್ಪೆ ಏಳಲು ಶುರು. ಪಟ್ಟಿಯನ್ನು ಬಿಚ್ಚಿಯೇ ಹೊಡೆಯಬೇಕು ಎಂದಿದ್ದ ಅಣ್ಣ. ಪಟ್ಟಿಯ ಹಿಂದೆ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ಕೊಂಡಿಗಳು, ಒಟ್ಟು ಹನ್ನೆರಡು. ಒಂದೊಂದನ್ನೂ ಹಿಂದಿನಿಂದ ಒತ್ತಿ, ಗ್ರಿಲ್ಲಿನ ಸೀಳಿನಿಂದ ಹೊರಗೆ ತಳ್ಳಬೇಕು. ಹಳೆಯ ಪ್ಲಾಸ್ಟಿಕ್ಕು, ಹೊಸದು ಈಗ ಯಾರೂ ಮಾಡುವುದಿಲ್ಲ. ಅಣ್ಣ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೇಲೆ ಹರಡಿ, ಹತ್ತು ನಿಮಿಷ ಬಿಟ್ಟು, ಹೆಬ್ಬೆರಳಿನಿಂದ ಒತ್ತುತ್ತಿದ್ದ. ನಿನ್ನೆ ಸಂಜೆ ಎರಡು ಕೊಂಡಿ ಬಿಡಿಸಿ, ಮೂರನೆಯದರ ಜೊತೆ ಗುದ್ದಾಡಿ, ಬೆಳಕು ಸಾಲದೆಂದು ಮೇಲೆ ಬಟ್ಟೆ ಹೊದಿಸಿ ಎದ್ದುಹೋಗಿದ್ದ. ಬೆಳಕು ಬೇಕಾದಷ್ಟಿತ್ತು.

ಅವನು ಬೇಗ ಬಂದದ್ದು ಅದಕ್ಕೇ. ಅಣ್ಣ ಬರುವಷ್ಟರಲ್ಲಿ ಪಟ್ಟಿಯನ್ನು ತಾನೇ ಬಿಚ್ಚಿಟ್ಟುಬಿಡುವುದು. ಅಣ್ಣ ಬಂದು ನೋಡುತ್ತಾನೆ, ಮಾಡಲು ಕೆಲಸವಿರುವುದಿಲ್ಲ, ಇಬ್ಬರೂ ಕಾಫಿ ಕುಡಿಯುತ್ತಾರೆ, ಆಗ ಮಾತು ಬರುತ್ತದೆ. ಅಣ್ಣನ ಕೈಯಲ್ಲಿ ಇನ್ನೊಂದು ಮುರಿದು ಅವನಿಗೆ ಅವಮಾನವಾಗುವುದೂ ತಪ್ಪುತ್ತದೆ. ಇಷ್ಟು ಒಳ್ಳೆಯ ಉದ್ದೇಶ ತನಗಿದೆ ಎಂದು ಅವನಿಗೇ ಸ್ವಲ್ಪ ಸಂತೋಷವಾಯಿತು. ಬಟ್ಟೆ ತೆಗೆದು, ಗ್ರಿಲ್ಲನ್ನು ಎತ್ತಿ, ಅಭ್ಯಾಸಬಲದಿಂದ ಮುಖ ಮೇಲೆ ಮಾಡಿ ಇಟ್ಟ. ಬಣ್ಣದವನು ಯಾವ ವಸ್ತುವನ್ನಾದರೂ ಹಾಗೇ ಇಡುವುದು, ಅವನಿಗೆ ಕಾಣುವುದು ಮುಖ, ಬೆನ್ನಿನ ಕಡೆ ಏನು ನಡೆದಿದೆಯೆಂದು ಅವನು ಎಂದೂ ನೋಡಿದವನಲ್ಲ. ಬಿಸಿನೀರು ಕಾಯಿಸುವ ತಾಳ್ಮೆಯಿಲ್ಲದೆ, ಬಣ್ಣ ಒಣಗಿಸುವ ಹೀಟ್ ಗನ್ ತಂದು ಪಟ್ಟಿಯ ಮೇಲೆ ಅತ್ತಿಂದಿತ್ತ ಆಡಿಸಿದ. ಟೇಪು ಸುತ್ತಿದ ಸ್ಕ್ರೂಡ್ರೈವರಿನ ತುದಿಯನ್ನು ಅಂಚಿಗೆ ಕೊಟ್ಟು ಮೀಟಿದ. ಅಣ್ಣ ಬಿಡಿಸಿಟ್ಟ ಎರಡು ಕೊಂಡಿಗಳ ಜಾಗದಲ್ಲಿ ಪಟ್ಟಿ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಎದ್ದು ಬಂತು. ಇಷ್ಟೇನಾ, ಇದಕ್ಕೇನಾ ಅಣ್ಣ ಇಪ್ಪತ್ತೆಂಟು ವರ್ಷ ಇಷ್ಟೊಂದು ಗತ್ತು ಮಾಡಿದ್ದು ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿ, ನಾಚಿಕೆಯಲ್ಲಿಯೇ ಇನ್ನಷ್ಟು ಮೀಟಿದ. ಟಕ್ ಎಂದಿತು, ಒಡನೆ ಇನ್ನೊಂದು ಟಕ್. ಸದ್ದು ಬಹಳ ಸಣ್ಣದು, ಪೆನ್ಸಿಲ್ ಮುಳ್ಳು ಮುರಿದಷ್ಟು. ಮೂರನೆಯ ಮತ್ತು ನಾಲ್ಕನೆಯ ಕೊಂಡಿಗಳ ತುದಿಗಳು ಕಂಬಳಿಯ ಮೇಲೆ ಬಿದ್ದವು.

ಸ್ವಲ್ಪ ಹೊತ್ತು ಅವನು ಏನೂ ಯೋಚಿಸಲಿಲ್ಲ. ಆಮೇಲೆ ಕೈ ಒಂದೊಂದೇ ಕೆಲಸ ಮಾಡತೊಡಗಿತು. ಹೀಟ್ ಗನ್ನನ್ನು ಬಣ್ಣದ ಕೋಣೆಯ ಮೊಳೆಗೆ ತೂಗಿಹಾಕಿತು. ಸ್ಕ್ರೂಡ್ರೈವರಿನ ಟೇಪು ಬಿಚ್ಚಿ ಉಂಡೆ ಮಾಡಿ ಎಸೆಯಿತು. ಪಟ್ಟಿಯನ್ನು ಹಿಂದಕ್ಕೆ ಒತ್ತಿ, ಗ್ರಿಲ್ಲನ್ನು ಮತ್ತೆ ಬೋರಲು ಹಾಕಿ, ಅಣ್ಣ ಹೊದಿಸಿದ್ದ ಹಾಗೆಯೇ ಬಟ್ಟೆ ಹೊದಿಸಿತು. ಧೂಳು ಬೀಳಬಾರದಲ್ಲ ಎಂದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎನ್ನುವವರು ಯಾರೂ ಇರಲಿಲ್ಲ, ಆದರೂ ಅವನು ಎರಡು ಸಲ ಬಾಗಿಲ ಕಡೆ ನೋಡಿದ. ಎರಡು ತುದಿಗಳು ಅಂಗೈಯಲ್ಲಿದ್ದವು. ಅಂಟು ಹಾಕಬೇಕಾದರೆ ಮೊದಲು ಜಿಡ್ಡು ತೆಗೆಯಬೇಕು, ಅದಕ್ಕೇ ಅವುಗಳನ್ನು ಬ್ರಷ್ ನೆನೆಸುವ ಥಿನ್ನರ್ ಡಬ್ಬಿಯಲ್ಲಿ ಹಾಕಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಆ ಪ್ಲಾಸ್ಟಿಕ್ಕು ಥಿನ್ನರಿನಲ್ಲಿ ಕರಗುತ್ತದೆಂಬುದು ಬಣ್ಣದವನಾದ ಅವನಿಗೆ ಮೊದಲ ವರ್ಷದಿಂದಲೇ ಗೊತ್ತಿತ್ತು. ಕಾಲು ಗಂಟೆ ಬಿಟ್ಟು ಇಣುಕಿದಾಗ ಅವು ಜಗಿದು ಉಗುಳಿದ ಅಂಟಿನ ಹಾಗೆ ಡಬ್ಬಿಯ ತಳಕ್ಕೆ ಹತ್ತಿಕೊಂಡಿದ್ದವು. ಬ್ರಷ್ಷಿನ ಹಿಡಿಯಿಂದ ಒಮ್ಮೆ ಕಲಕಿದ.

ಅಣ್ಣ ಹತ್ತು ಗಂಟೆಗೆ ಬಗಲಲ್ಲಿ ಫ್ಲಾಸ್ಕ್ ಇಟ್ಟುಕೊಂಡು ಬಂದ. ಭಾನುವಾರ ನನಗಿಂತ ಮೊದಲೇ ಬಂದಿದ್ದೀಯ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ ಎಂದು ನಕ್ಕ. ಕಾಫಿ ಬಗ್ಗಿಸಿ ಕೊಟ್ಟ. ಲೋಟ ಸುಡುತ್ತಿದ್ದುದು ಅಣ್ಣನ ಬೆರಳಿಗೆ ತಿಳಿಯದೆ, ತಮ್ಮನ ಬೆರಳಿಗೆ ತಿಳಿಯಿತು. ಅತ್ತಿಗೆಯ ಮಂಡಿನೋವು, ಮಗಳ ಮನೆಯ ಫ್ರಿಜ್ಜು ಕೆಟ್ಟದ್ದು, ಎಲ್ಲವನ್ನೂ ಅಣ್ಣ ನಿಧಾನವಾಗಿ ಹೇಳಿದ. ಇಂದು ಅಣ್ಣ ಮಾತಾಡುವ ಹುರುಪಿನಲ್ಲಿದ್ದ. ಹೇಳುವುದಾದರೆ ಇದೇ ಹೊತ್ತು ಎಂದು ಇವನು ಲೋಟದ ತಳ ನೋಡುತ್ತ ಕೂತ. ಕೊಂಡಿ ಮುರಿದದ್ದನ್ನು ಮೊದಲು ಹೇಳುವುದೋ, ಫಿಟ್ಟರ್ ಬರುವುದನ್ನು ಮೊದಲು ಹೇಳುವುದೋ? ನಾನು ಮುರಿದೆ ಎಂದವನೇ, ನಿನ್ನ ಕೈ ಸರಿಯಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಅಷ್ಟರಲ್ಲಿ ಅಣ್ಣ ಎದ್ದು, ಕೈ ತೊಳೆದು, ಗಿಡ್ಡ ಸ್ಟೂಲನ್ನು ಮೇಜಿನ ಬಳಿಗೆ ಎಳೆದುಕೊಂಡಿದ್ದ.

ಬಟ್ಟೆ ಸರಿಸಿ ಅಣ್ಣ ಕೊಂಡಿಗಳ ಸಾಲಿನ ಮೇಲೆ ಬೆರಳು ಎಳೆದ. ಒಂದು, ಎರಡು, ಮತ್ತೆ ಹಿಂದಕ್ಕೆ. ಬೆರಳು ಸುಮ್ಮನೆ ದಾಟಿಹೋಯಿತು, ಅದಕ್ಕೇನೂ ತಿಳಿಯಲಿಲ್ಲ. ಬಗ್ಗಿ ನೋಡಿದ. ಸ್ವಲ್ಪ ಟಾರ್ಚ್ ಹಿಡಿ ಎಂದ. ತಮ್ಮ ಟಾರ್ಚ್ ತಂದು, ತಾನು ಮುರಿದ ಜಾಗಕ್ಕೇ ಬೆಳಕು ಹಿಡಿದು ನಿಂತ. ಅಣ್ಣ ಬಹಳ ಹೊತ್ತು ನೋಡಿದ. ಅವನ ಕುತ್ತಿಗೆಯ ಹಿಂಭಾಗ, ಮುದಿಯಾದ ಚರ್ಮದ ಗೆರೆಗಳು, ಕ್ಷೌರದವನು ಸರಿಯಾಗಿ ತೆಗೆಯದೆ ಬಿಟ್ಟ ನಾಲ್ಕು ಬಿಳಿ ಕೂದಲು ಆ ಬೆಳಕಿನ ಅಂಚಿನಲ್ಲಿ ಕಾಣಿಸುತ್ತಿದ್ದವು.

"ನಿನ್ನೆ ಮೂರನೇದನ್ನ ಒತ್ತಿದಾಗ ಟಕ್ ಅಂದ ಹಾಗಿತ್ತು," ಎಂದ ಅಣ್ಣ. "ಬಿಟ್ಕೊಳ್ತು ಅಂದ್ಕೊಂಡೆ. ಮುರಿದಿದೀನಿ. ಪಕ್ಕದ್ದನ್ನೂ ಸೇರಿಸಿ."

ತಮ್ಮ ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದ. ಅಲ್ಲ ಎನ್ನಲು ಬಾಯಿ ತೆರೆದ. ತೆರೆದ ಬಾಯಿಂದ ಬಂದದ್ದು, ಹಳೇ ಪ್ಲಾಸ್ಟಿಕ್ ಅಲ್ವಾ ಅಣ್ಣ, ಎಂಬ ಮಾತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪ್ಲಾಸ್ಟಿಕ್ ಹಳೆಯದೇ.

ತುದಿಗಳು ಇಲ್ಲೇ ಎಲ್ಲೋ ಬಿದ್ದಿರಬೇಕು, ಸಿಕ್ಕರೆ ಅಂಟಿಸಿ ಹಿಂದೆ ಒಂದು ಚೂರು ತಗಡು ಕೊಡಬಹುದು ಎಂದು ಅಣ್ಣ ಸ್ಟೂಲಿನಿಂದ ಇಳಿದು ನೆಲಕ್ಕೆ ಮಂಡಿಯೂರಿದ. ಬೇಡ ಅಣ್ಣ, ನಾನು ನೋಡ್ತೀನಿ ಎಂದು ತಮ್ಮನೂ ಮಂಡಿಯೂರಿದ. ಇಬ್ಬರೂ ಮೇಜಿನ ಕೆಳಗೆ ಎದುರುಬದುರಾಗಿ ತೆವಳಿದರು. ಅಣ್ಣ ಅಂಗೈಯಿಂದ ನೆಲವನ್ನು ಗುಡಿಸುತ್ತಿದ್ದ, ಬೆರಳಿಗೆ ಸಿಕ್ಕಿದ್ದು ತಿಳಿಯುವುದಿಲ್ಲವೆಂದು ಒಂದೊಂದು ಸಲವೂ ಅಂಗೈ ಮಗುಚಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಒಂದು ವಾಷರ್ ಸಿಕ್ಕಿತು, ಒಂದು ಒಣಗಿದ ಬಣ್ಣದ ಸಿಪ್ಪೆ, ಯಾವುದೋ ಅಂಗಿಯ ಗುಂಡಿ. ತಮ್ಮನೂ ಹುಡುಕುತ್ತಿದ್ದ. ಥಿನ್ನರ್ ಡಬ್ಬಿ ಅವನ ತಲೆಯಿಂದ ನಾಲ್ಕಡಿ ಮೇಲೆ ಕಪಾಟಿನಲ್ಲಿತ್ತು, ಅವನು ನೆಲದ ಬಿರುಕಿನಲ್ಲಿ ಉಗುರು ಹಾಕಿ ಕೆರೆದು ಹುಡುಕುತ್ತಿದ್ದ. ವಿಚಿತ್ರವೆಂದರೆ, ಹುಡುಕುತ್ತ ಹುಡುಕುತ್ತ ಒಂದು ಗಳಿಗೆ ಅವನಿಗೆ ಅವು ಸಿಕ್ಕೇ ಸಿಗುತ್ತವೆ ಅನ್ನಿಸಿತು. ಗುಂಡಿ ಎತ್ತಿ ತೋರಿಸಿ ಅಣ್ಣ ನಕ್ಕ, ಇದು ನಿನ್ನದೇ ಇರಬೇಕು ಎಂದ. ಮಂಡಿ ಹಿಡಿದುಕೊಂಡು ಏಳಲಾರದೆ ಕೈ ಚಾಚಿದಾಗ ತಮ್ಮ ಅವನನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿದ.

ಅಣ್ಣ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ. ಈ ಕೈಗಳು ಇವನಿಗೆ ಸೈಕಲ್ ಕಲಿಸುವಾಗ ಸೀಟಿನ ಹಿಂದೆ ಹಿಡಿದುಕೊಂಡು ಓಡಿದ್ದವು. ಬಿಡ್ಬೇಡ, ಬಿಡ್ಬೇಡ ಎಂದು ಇವನು ಕೂಗುತ್ತಿದ್ದಾಗ ಯಾವಾಗಲೋ ಬಿಟ್ಟುಬಿಟ್ಟಿದ್ದವು. ಆಗ ಮಾತ್ರ ಇವನಿಗೆ ಸಿಟ್ಟು ಬಂದಿತ್ತು, ಬಿಟ್ಟದ್ದನ್ನು ಹೇಳಲಿಲ್ಲವೆಂದು. ಹೊರಗೆ ನಾಯಿ ಇನ್ನೂ ಓಡಾಡುತ್ತಿತ್ತು. ಈಗ ಹೇಳಬೇಕು, ಇನ್ನೊಂದು ನಿಮಿಷ ಬಿಟ್ಟು ಹೇಳಬೇಕು ಎಂದು ಅವನು ಲೆಕ್ಕ ಹಾಕುತ್ತಿರುವಾಗಲೇ ಅಣ್ಣ ಮಾತಾಡಿದ. ಟ್ಯಾಕ್ಸಿಯವನು ಅಂದಾಗಲೇ ನಿಲ್ಲಿಸಬೇಕಿತ್ತು, ಹಟ ಮಾಡಿದೆ ಎಂದ. ನೀನು ಗಾಳಿ ಹೊಡೀತಾ ನಿಂತಿದ್ದೆಯಲ್ಲ, ನನ್ನ ಮರ್ಯಾದೆ ಉಳಿಸೋಕೆ ಕೇಳಿಸದ ಹಾಗೆ ಇದ್ದೆ, ಅದೂ ನನಗೆ ಗೊತ್ತು ಎಂದ. ತಮ್ಮ ಬಗ್ಗಿ ಮಂಡಿಯ ಧೂಳು ಒರೆಸಿಕೊಂಡ.

"ಸಾಕು, ನಾನು ಇನ್ನು ಬಿಚ್ಚಲ್ಲ," ಎಂದ ಅಣ್ಣ. "ಯಾರಾದರೂ ಒಳ್ಳೆ ಫಿಟ್ಟರ್ ಇದ್ದರೆ ನೋಡು."

"ಒಬ್ಬ ಇದ್ದಾನೆ," ಎಂದ ತಮ್ಮ.

ಅದು ಬಹಳ ಬೇಗ ಬಂತು. ಅಣ್ಣನ ಮಾತಿನ ಬಾಲ ಇನ್ನೂ ಗಾಳಿಯಲ್ಲಿತ್ತು. ಅಣ್ಣ ತಲೆ ಎತ್ತಿದ. "ಇದ್ದಾನಾ? ಯಾವಾಗ ಬರ್ತಾನಂತೆ?"

"ನಾಳೆ."

ನಾಳೆನೇ, ಎಂದು ಅಣ್ಣ ತನ್ನಷ್ಟಕ್ಕೆ ಹೇಳಿಕೊಂಡ. ಅದು ಪ್ರಶ್ನೆಯಾಗಿರಲಿಲ್ಲ. ಅಂಗೈಗಳನ್ನು ಒಮ್ಮೆ ಮಗುಚಿ, ಮತ್ತೆ ಅಂಗಾತ ಇಟ್ಟುಕೊಂಡ. ತಾನು ಇಷ್ಟು ದಿನ ಕಾದಿದ್ದ ಗಳಿಗೆ ಇದೇ ಎಂದು ತಮ್ಮನಿಗೆ ಹೊಳೆಯಿತು. ಒಂದು ಮಾತೂ ಆಡದೆ ಎಲ್ಲ ಮುಗಿದುಹೋಗಿತ್ತು. ಎದೆಯ ಮೇಲಿಂದ ಚಪ್ಪಡಿ ಎತ್ತಿದಷ್ಟು ಹಗುರವಾಯಿತು. ಒಳ್ಳೇದಾಯ್ತು ಬಿಡು, ಹೇಗೂ ಬರ್ತಾನಲ್ಲ ಎಂದ ಅಣ್ಣ.

ಹನ್ನೆರಡಕ್ಕೆ ಹಲ್ಲಿನ ಡಾಕ್ಟರು ಬಂದರು. ಕಪ್ಪಿನಲ್ಲಿ ಹೊಳೆಯುವ ಕಪ್ಪೋ, ಮಂಕು ಕಪ್ಪೋ ಎಂದು ಆರಿಸಲು ಅವರನ್ನು ಅವನೇ ಕರೆದಿದ್ದ. ಗ್ರಿಲ್ಲಿಲ್ಲದ ಕಾರಿನ ಎದುರು ನಿಂತು, ಎಲ್ಲ ಹಲ್ಲೂ ಒಂದೇ ಸಲ ಕಿತ್ತುಬಿಟ್ಟಿದ್ದೀರಲ್ಲ, ನಾನು ಕೂಡ ಹಾಗೆ ಮಾಡುವುದಿಲ್ಲ ಎಂದು ನಕ್ಕರು. ಅಣ್ಣ ನಗಲಿಲ್ಲ. ಎದ್ದು ನಿಂತು, ಅಂಗಿ ಎಳೆದುಕೊಂಡು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವನಂತೆ, ಎರಡು ಕೊಂಡಿ ಮುರಿದಿದೆ ಮೇಡಂ, ನನ್ನ ಕೈಯಿಂದಲೇ ಆಗಿದ್ದು, ನನ್ನ ಬೆರಳಿಗೆ ಈಗ ಗೊತ್ತಾಗುವುದಿಲ್ಲ ಎಂದ. ಮನೆಯವರಿಗೆ ಬಿಟ್ಟು ಯಾರಿಗೂ ಹೇಳದ ಮಾತನ್ನು ಗಿರಾಕಿಯೊಬ್ಬರಿಗೆ ನಿಂತ ನಿಲುವಿನಲ್ಲಿ ಹೇಳಿಬಿಟ್ಟ. ತಮ್ಮ ಬಣ್ಣದ ಕಾರ್ಡು ಹಿಡಿದುಕೊಂಡು ಅಲ್ಲೇ ನಿಂತಿದ್ದ. ಡಾಕ್ಟರು ಗ್ರಿಲ್ಲನ್ನಲ್ಲ, ಅಣ್ಣನ ಕೈಯನ್ನು ನೋಡಿದರು. ಮುಟ್ಟಿದರೆ ಉದುರುವ ಹಲ್ಲುಗಳು ನನ್ನ ಹತ್ತಿರ ದಿನಾ ಬರುತ್ತವೆ, ಮುಟ್ಟಿದವರದ್ದೇನು ತಪ್ಪು ಎಂದರು. ಹೆದರಿ ಕೂತ ರೋಗಿಗಳ ಜೊತೆ ಅವರು ಮಾತಾಡುವ ದನಿ ಅದೇ ಇರಬೇಕು, ಮೆತ್ತಗೆ, ಪ್ರತಿ ಮಾತನ್ನೂ ಹತ್ತಿಯಲ್ಲಿ ಸುತ್ತಿದ ಹಾಗೆ. ಅಣ್ಣನೊಡನೆ ಆ ದನಿಯಲ್ಲಿ ಯಾರೂ ಮಾತಾಡಿದ್ದನ್ನು ಇವನು ಈವರೆಗೆ ಕೇಳಿರಲಿಲ್ಲ. ಮುದುಕರೊಡನೆ ಆಡುವ ಮಾತು ಅದು.

ಅಂಟು ಹಾಕಿ ಕೂರಿಸಬಹುದು ಎಂದು ಇವನು ನಡುವೆ ಬಾಯಿ ಹಾಕಿದ. ಅಂಟು ಬೇಡ ಎಂದ ಅಣ್ಣ. ಅಂಟಿದ್ದು ಒಂದು ದಿನ ರಸ್ತೆಯಲ್ಲಿ ಬೀಳುತ್ತದೆ, ನಾಳೆ ನಮ್ಮ ಹೊಸ ಫಿಟ್ಟರ್ ಬರುತ್ತಾನೆ, ಹಿಂದಿನಿಂದ ತಗಡಿನ ಕೊಂಡಿ ಮಾಡಿ ಕೂರಿಸುತ್ತಾನೆ, ಒಳ್ಳೆಯ ಕೆಲಸದವನು. ಅಣ್ಣ ಅವನ ಮುಖವನ್ನೂ ನೋಡಿರಲಿಲ್ಲ. ಡಾಕ್ಟರು ಮಂಕು ಕಪ್ಪು ಆರಿಸಿ, ಹೊರಡುವಾಗ ಅಣ್ಣನಿಗೆ ಕೈ ಮುಗಿದು, ಇವನಿಗೆ ತಲೆಯಾಡಿಸಿ ಹೋದರು. ಈಗಲಾದರೂ ಓಡಿ ಹೋಗಿ ಅವರಿಗೆ ಹೇಳಬಹುದಿತ್ತು, ಅವರು ಇನ್ನೂ ಟೈರಿನಂಗಡಿ ದಾಟಿರಲಿಲ್ಲ. ಅವನು ಬಣ್ಣದ ಕಾ‌ರ್ಡನ್ನು ಅದರ ಕವರಿನೊಳಗೆ ತಳ್ಳುತ್ತಿದ್ದ. ಅದು ಸರಿಯಾಗಿ ಹೋಗುತ್ತಿರಲಿಲ್ಲ.

ಶಟರ್ ಎಳೆದು ಇಬ್ಬರೂ ಅಣ್ಣನ ಮನೆಯ ಕಡೆ ನಡೆದರು. ಹತ್ತು ನಿಮಿಷದ ದಾರಿ. ಬಿಸಿಲು ಗೋಡೆಗಳ ಬುಡಕ್ಕೆ ಇಳಿದಿತ್ತು. ಊಟಕ್ಕೆ ಬಾ, ನಿನ್ನ ಅತ್ತಿಗೆ ನಿನಗೂ ಸೇರಿಸಿ ಮಾಡಿರುತ್ತಾಳೆ ಎಂದು ಅಣ್ಣನೇ ಕರೆದಿದ್ದ. ನಾಳೆಯಿಂದ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುವುದು ಎಂಬುದೇ ತಿಳಿಯುವುದಿಲ್ಲ ನೋಡು ಎಂದು ನಡೆಯುತ್ತ ಅಣ್ಣ ಹೇಳಿದ, ತಮಾಷೆಯಂತೆ. ಆ ಮಾತು ತಮ್ಮನಿಗೆ ಎಲ್ಲಿ ತಗುಲಿತೋ, ಬೀದಿಯ ನಡುವೆಯೇ ನಿಂತುಬಿಟ್ಟ.

"ಅಣ್ಣ, ಅದನ್ನ ಮುರಿದಿದ್ದು ನಾನು. ಬೆಳಿಗ್ಗೆ. ನೀನು ಬರೋ ಮುಂಚೆ."

ಅಣ್ಣನೂ ನಿಂತ. ತಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದ: ಮುಖ ಮೇಲೆ ಮಾಡಿ ಇಟ್ಟದ್ದು, ಹೀಟ್ ಗನ್ನು, ಸ್ಕ್ರೂಡ್ರೈವರು, ತುದಿಗಳನ್ನು ಥಿನ್ನರಿಗೆ ಹಾಕಿದ್ದು. ಹೇಳುತ್ತ ಹೇಳುತ್ತ ಅದು ಅವನಿಗೇ ಕಟ್ಟುಕತೆಯಂತೆ ಕೇಳಿಸಿತು. ಅಣ್ಣ ಪೂರ್ತಿ ಕೇಳಿಸಿಕೊಂಡ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಆಮೇಲೆ ಕಣ್ಣಿನ ಸುತ್ತ ನಿಧಾನವಾಗಿ ನಗು ಮೂಡಿತು, ಅದರ ಹಿಂದೆಯೇ ನೀರು.

"ಇಪ್ಪತ್ತೆಂಟು ವರ್ಷದಲ್ಲಿ ಒಂದು ಸ್ಕ್ರೂ ತಿರುಗಿಸಿದೋನಲ್ಲ. ಇವತ್ತು ಭಾನುವಾರ ಬೆಳಿಗ್ಗೆ ಎದ್ದು ಬಂದು ಪಟ್ಟಿ ಬಿಚ್ಚಿದನಂತೆ," ಎಂದ ಅಣ್ಣ. "ಮೇಜಿನ ಕೆಳಗೆ ನನ್ನ ಜೊತೆ ಹುಡುಕಿದ್ಯಲ್ಲ, ಏನು ಹುಡುಕ್ತಿದ್ದೆ? ಸುಮ್ನಿರು. ನಿನಗೆ ಸುಳ್ಳು ಹೇಳೋಕೆ ಬರಲ್ಲ."

ನಿಜವಾಗಲೂ ಅಣ್ಣ ಎಂದ ಇವನು, ಎರಡನೆಯ ಸಲ. ಅಣ್ಣ ಅವನ ತೋಳು ಹಿಡಿದು ಮುಂದಕ್ಕೆ ನಡೆಸಿದ. ಮೂರನೆಯ ಸಲವೂ ಹೇಳಬಹುದಿತ್ತು. ಹೀಟ್ ಗನ್ನು ಯಾವ ಮೊಳೆಯಲ್ಲಿದೆ, ಡಬ್ಬಿಯ ತಳ ಹೇಗಿದೆ ಎಂದು ಹಿಂದಕ್ಕೆ ಕರೆದುಕೊಂಡು ಹೋಗಿ ತೋರಿಸಬಹುದಿತ್ತು, ಹತ್ತು ನಿಮಿಷದ ದಾರಿ. ಅವನು ಮೂರನೆಯ ಸಲ ಹೇಳಲಿಲ್ಲ. ಎರಡು ಸಲ ಹೇಳಿದೆನಲ್ಲ ಎಂದುಕೊಂಡ. ಹೇಳಿದರೂ ಏನೂ ಕೆಡುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ತನ್ನ ಬಾಯಿ ಬಿಟ್ಟಿತು ಎಂಬುದೂ ಅವನಿಗೆ ತಿಳಿದಿತ್ತು, ತಿಳಿದಿದ್ದರೂ ಹೆಜ್ಜೆ ನಿಲ್ಲಲಿಲ್ಲ. ಅಣ್ಣ ಪಕ್ಕದಲ್ಲಿ ಹಗುರಾಗಿ ನಡೆಯುತ್ತಿದ್ದ, ಕೆಲಸ ಬಿಟ್ಟವನಂತಲ್ಲ, ಏನೋ ಸಿಕ್ಕಿದವನಂತೆ.

ಅತ್ತಿಗೆ ಬಾಗಿಲು ತೆಗೆದದ್ದೇ ತಡ, ಅಣ್ಣ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. ಕೊಂಡಿ ಮುರಿದದ್ದು, ತಾನು ಇನ್ನು ಕೆಲಸಕ್ಕೆ ಹೋಗುವುದಿಲ್ಲವೆಂಬುದು, ಎಲ್ಲ ಎರಡೇ ಮಾತಿನಲ್ಲಿ ಮುಗಿಯಿತು. ಉಳಿದದ್ದೆಲ್ಲ ತಮ್ಮನ ಕತೆ. ಮುರಿದವನು ನಾನು, ಬೈಸಿಕೊಳ್ಳಲು ಮುಂದೆ ಬರುವವನು ಇವನು, ಎಷ್ಟು ಚೆನ್ನಾಗಿ ಕಟ್ಟಿದ ಗೊತ್ತಾ, ಥಿನ್ನರಂತೆ, ಕರಗಿತಂತೆ ಎಂದು ಅಣ್ಣ ಹೇಳುತ್ತ ಹೋದ. ಅತ್ತಿಗೆ ಗಂಡನ ಕೈ ನೋಡಿದಳು, ಮೈದುನನ ಮುಖ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು. ಅವನು ಕೈ ತೊಳೆಯಲು ಹಿಂದೆ ಹೋದಾಗ ತಗ್ಗಿದ ದನಿಯಲ್ಲಿ ಅಂದಳು: "ನಾನು ಹೇಳಿದ್ರೆ ಮೂರು ದಿನ ಊಟ ಬಿಡ್ತಿದ್ರು. ನೀನು ಅದು ಹೇಗೆ ಹೇಳಿದೆಯೋ."

"ನಾನು ಏನೂ ಹೇಳಲಿಲ್ಲ ಅತ್ತಿಗೆ," ಎಂದ ಅವನು.

ಅವಳು ಅದಕ್ಕೂ ಮೆಚ್ಚಿ ತಲೆಯಾಡಿಸಿದಳು. ಅವನಿಗೆ ಮೊದಲು ಬಡಿಸಿದಳು, ದೊಡ್ಡ ತಟ್ಟೆ ಕೊಟ್ಟಳು, ಅಣ್ಣ ಎದುರಿಗೆ ಕೂತು, ಅವನು ತಿನ್ನುವುದನ್ನೇ ನೋಡುತ್ತ, ತನ್ನ ಊಟ ಮರೆತ. ಎರಡು ತುತ್ತು ತಿಂದು ಎದ್ದುಬಿಡಬೇಕು ಎಂದುಕೊಂಡು ಅವನು ಕೈ ಹಾಕಿದ್ದ. ಆದರೆ ಬೆಳಗಿನಿಂದ ಒಂದು ಲೋಟ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಮೊದಲ ತುತ್ತು ಇಳಿಯಿತು, ಎರಡನೆಯದೂ ಇಳಿಯಿತು, ಆಮೇಲೆ ಅವನು ಲೆಕ್ಕ ಬಿಟ್ಟ. ಎಷ್ಟೋ ತಿಂಗಳಿಂದ ಹೀಗೆ ಹಸಿವಾಗಿರಲಿಲ್ಲ. ಅತ್ತಿಗೆ ಎರಡನೆಯ ಸಲ ಬಡಿಸಲು ಬಂದಾಗ ಅವನು ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ.